ಕೆಲಸ ಕೊಡಿಸುವವರ ಕೆಲಸ: ಶಿವಮೊಗ್ಗದ ಒಂದು ಉದ್ಯೋಗ ನೆರವು ಕೇಂದ್ರದ ವಿಮರ್ಶೆ

ಬಡ ಕುಟುಂಬದವರಿಗೆ ಉಚಿತವಾಗಿ ತರಬೇತಿ ಕೊಟ್ಟು, ಅರ್ಜಿ ಬರೆಸಿ, ಸಂದರ್ಶನಕ್ಕೆ ಕಳುಹಿಸಿ, ಕೊನೆಗೆ ಒಂದು ಕೆಲಸಕ್ಕೆ ಸೇರಿಸುವ ಸೇವಾಸಂಸ್ಥೆಗಳು ಶಿವಮೊಗ್ಗಕ್ಕೆ ಹೊಸತಲ್ಲ. ಹೋಟೆಲಿನ ದೋಸೆಯ ಬಗ್ಗೆ, ಮೊಬೈಲಿನ ಬ್ಯಾಟರಿಯ ಬಗ್ಗೆ ಉದ್ದುದ್ದ ಬರೆಯುವ ನಾವು ಇಂತಹ ಸೇವೆಗಳ ಗುಣದೋಷಗಳನ್ನು ಬರೆದಿಡುವುದು ಅಪರೂಪ. ಪುಕ್ಕಟೆ ಸಿಕ್ಕಿದ್ದನ್ನು ಒರೆಗೆ ಹಚ್ಚುವುದು ಸಭ್ಯತೆಯಲ್ಲ ಎಂಬ ಸಂಕೋಚ ಇದಕ್ಕೆ ಕಾರಣವಿರಬೇಕು. ಆದರೆ ಅಲ್ಲಿಗೆ ಹೋಗುವವರು ಶುಲ್ಕ ಕಟ್ಟದಿದ್ದರೂ ತಮ್ಮ ದಿನಗಳನ್ನು ಕಟ್ಟುತ್ತಾರೆ. 2024-25ರಲ್ಲಿ ಕರ್ನಾಟಕದ ಉದ್ಯೋಗ ಖಾತರಿ ಕೂಲಿ ದಿನಕ್ಕೆ 349 ರೂಪಾಯಿ ಇತ್ತು. ಅಷ್ಟೇ ದರ ಹಿಡಿದರೂ ಮೂವತ್ತು ದಿನದ ತರಬೇತಿಗೆ ಒಂದು ಕೂಲಿಕಾರ ಮನೆ ತೆರುವ ಬೆಲೆ ಹತ್ತು ಸಾವಿರ ರೂಪಾಯಿ ದಾಟುತ್ತದೆ. ಅಷ್ಟು ಬೆಲೆಯ ವಸ್ತುವನ್ನು ಯಾರೂ ವಿಚಾರಿಸದೆ ಕೊಳ್ಳುವುದಿಲ್ಲ.

ಇಲ್ಲಿ ಬರೆಯುತ್ತಿರುವುದು ಮುಖ್ಯವಾಗಿ ನಗರದ ಒಂದು ಸಣ್ಣ ಸೇವಾಸಂಸ್ಥೆಯ ಕೇಂದ್ರವನ್ನು ಕುರಿತು. ಇಲ್ಲಿ ಕಂಡ ಕೊರತೆಗಳು ಅದೊಂದರವೇ ಅಲ್ಲವಾದ್ದರಿಂದ ಹೆಸರು ಹೇಳುತ್ತಿಲ್ಲ. ಬ್ಯಾಂಕಿನ ಸಾಲ ವಿಭಾಗದಲ್ಲಿ ಬಹುಕಾಲ ದುಡಿದು ನಿವೃತ್ತನಾದ ನಾನು ನಮ್ಮ ಬೀದಿಯ ಒಂದು ಕುಟುಂಬದ ಜೊತೆಗೆ, ಕಾಗದಪತ್ರ ನೋಡಿಕೊಳ್ಳುವ ನೆಪದಲ್ಲಿ, ಒಂದು ಮಳೆಗಾಲದಿಂದ ಮುಂದಿನ ಮಳೆಗಾಲದವರೆಗೆ ಅಲ್ಲಿಗೆ ಹೋಗಿ ಬರುತ್ತಿದ್ದೆ. ಆ ಮನೆಯ ತಾಯಿ ಎರಡು ಮೂರು ಮನೆಗಳಲ್ಲಿ ಪಾತ್ರೆ, ಬಟ್ಟೆಯ ಕೆಲಸ ಮಾಡುತ್ತಾರೆ. ತಂದೆ ಗಾರೆ ಕೆಲಸದವರು. ಅಡಿಕೆ ಕೊಯ್ಲಿನ ಕಾಲದಲ್ಲಿ ತೀರ್ಥಹಳ್ಳಿ ಕಡೆಯ ತೋಟಗಳಿಗೆ ಹೋಗುತ್ತಾರೆ. ಮಗಳು ಪಿಯುಸಿ ಮುಗಿಸಿದ್ದಾಳೆ, ಮಗ ಐಟಿಐಯನ್ನು ಅರ್ಧಕ್ಕೆ ಬಿಟ್ಟಿದ್ದಾನೆ. ಹಾಸಿಗೆ ಹಿಡಿದ ಅಜ್ಜಿಯೊಬ್ಬರಿದ್ದಾರೆ. ಕೇಂದ್ರದ ದಾಖಲೆಯಲ್ಲಿ ಈ ಮನೆ ಎರಡು ‘ಅಭ್ಯರ್ಥಿ’ಗಳಾಗಿ ನಮೂದಾಯಿತು, ಅಂದರೆ ಮಗಳು ಮತ್ತು ಮಗ. ಉಳಿದ ಮೂವರು ಅರ್ಜಿಯ ಯಾವ ಅಂಕಣದಲ್ಲೂ ಇರಲಿಲ್ಲ. ನನ್ನ ದೃಷ್ಟಿಯಲ್ಲಿ ಈ ಸೇವೆಗಳ ಒಳಿತೂ ಕೆಡುಕೂ ತೀರ್ಮಾನವಾಗುವುದು ಆ ಮೂವರನ್ನು ಅವು ಕಾಣುತ್ತವೆಯೇ ಇಲ್ಲವೇ ಎಂಬುದರಿಂದ.

ಮೊದಲು ಒಳ್ಳೆಯದನ್ನೇ ಹೇಳಬೇಕು. ಕಾಗದಪತ್ರದ ವಿಷಯದಲ್ಲಿ ಈ ಕೇಂದ್ರದ ಕೆಲಸ ನಿಜಕ್ಕೂ ಮೆಚ್ಚುವಂಥದ್ದು. ಆಧಾರ್ ಕಾರ್ಡಿನಲ್ಲಿ ತಂದೆಯ ಹೆಸರಿನ ಮೊದಲಕ್ಷರ ಹಿಂದೆ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಮುಂದೆ, ಬ್ಯಾಂಕ್ ಪಾಸ್‌ಪುಸ್ತಕದಲ್ಲಿ ಅದು ಇಲ್ಲವೇ ಇಲ್ಲ ಎಂಬ ಸ್ಥಿತಿ ನಮ್ಮ ಕಡೆಯ ಬಹುಪಾಲು ಮಕ್ಕಳದ್ದು. ಕಾರ್ಖಾನೆಗೆ ಸೇರಿದ ಮೇಲೆ ಪಿಎಫ್ ಖಾತೆ ತೆರೆಯುವಾಗ ಈ ಅಕ್ಷರವೇ ಅಡ್ಡ ಬರುತ್ತದೆ. ಕೆಲಸ ಬಿಟ್ಟು ಹಣ ಹಿಂಪಡೆಯಲು ಹೋದಾಗ ಇನ್ನೊಮ್ಮೆ ಅಡ್ಡ ಬರುತ್ತದೆ. ಕೇಂದ್ರದ ಸಲಹೆಗಾರ್ತಿ ಮೊದಲ ದಿನವೇ ಎಲ್ಲ ಕಾಗದಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿ, ಯಾವ ಹೆಸರನ್ನು ಯಾವ ಕಚೇರಿಯಲ್ಲಿ ಸರಿಪಡಿಸಬೇಕೆಂದು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಟ್ಟರು. ನಾಡಕಚೇರಿಯಲ್ಲಿ ಮಾಡಿಸಬೇಕಾದ ಜಾತಿ ಮತ್ತು ಆದಾಯ ಪ್ರಮಾಣಪತ್ರ ಎಷ್ಟು ದಿನ ಹಿಡಿಯುತ್ತದೆ, ಅಲ್ಲಿಯವರೆಗೆ ಯಾವ ಅರ್ಜಿ ಹಾಕಿಡಬಹುದು ಎಂಬುದನ್ನೂ ತಿಳಿಸಿದರು. ಇದನ್ನು ಸಣ್ಣ ಸಂಗತಿ ಎಂದು ಭಾವಿಸುವವರು ಸರತಿಯಲ್ಲಿ ನಿಂತು ‘ನಾಳೆ ಬನ್ನಿ’ ಎಂದು ಹೇಳಿಸಿಕೊಂಡವರಲ್ಲ.

ತರಬೇತಿಯ ಗುಣಮಟ್ಟ ಸಾಧಾರಣ. ಕಂಪ್ಯೂಟರ್, ಮಾತಾಡುವ ಇಂಗ್ಲಿಷ್, ಅಂಗಡಿಯ ಬಿಲ್ಲಿಂಗ್, ಸಂದರ್ಶನದ ಅಭ್ಯಾಸ, ಇಷ್ಟು ಪಾಠ. ಕಲಿಸುವವರು ಶ್ರದ್ಧೆಯವರು, ಆದರೆ ಪಾಠದ ಪುಸ್ತಕ ಬೆಂಗಳೂರಿನ ಮಾಲ್‌ಗಳನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ದುರ್ಗಿಗುಡಿಯ ಬಟ್ಟೆ ಅಂಗಡಿಯಲ್ಲಿ ಗಿರಾಕಿಯ ಜೊತೆ ಮಾತನಾಡಲು ಬೇಕಾದ ಚಾತುರ್ಯವೇ ಬೇರೆ, ಅದು ಈ ಹುಡುಗಿಯರಿಗೆ ಮೊದಲೇ ಇದೆ. ಈ ಭಾಗದ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ.

ಹೋಲಿಕೆಗೆ ನಮ್ಮಲ್ಲಿ ಒಳ್ಳೆಯ ಅಳತೆಗೋಲು ಈಗಾಗಲೇ ಇದೆ. 1982ರಲ್ಲಿ, ಘಟ್ಟದ ಕೆಳಗಿನ ಉಜಿರೆಯಲ್ಲಿ, ಧರ್ಮಸ್ಥಳದ ಮಂಜುನಾಥೇಶ್ವರ ಶಿಕ್ಷಣ ಟ್ರಸ್ಟ್ ಮತ್ತು ಆಗಿನ ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್‌ಗಳು ಸೇರಿ ಆರಂಭಿಸಿದ ರುಡ್‌ಸೆಟ್ ಸಂಸ್ಥೆ ಕಡಿಮೆ ಅವಧಿಯ ವಸತಿಸಹಿತ ತರಬೇತಿಯ ಒಂದು ಮಾದರಿಯನ್ನು ರೂಪಿಸಿತು. ಆ ಮಾದರಿಯನ್ನೇ ಮುಂದೆ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯ ಕೈಗೆತ್ತಿಕೊಂಡು, ಜಿಲ್ಲೆಗೊಂದರಂತೆ ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳನ್ನು ದೇಶದ ತುಂಬ ತೆರೆಸಿತು. ಊಟ, ವಸತಿ, ತರಬೇತಿ ಎಲ್ಲವೂ ಉಚಿತ. ಹೈನುಗಾರಿಕೆ, ಅಣಬೆ ಬೇಸಾಯದಂತಹ ವಿಷಯಗಳಿಗೆ ಹತ್ತು ದಿನದ ಆಸುಪಾಸು. ಹೊಲಿಗೆ, ಮೊಬೈಲ್ ದುರಸ್ತಿ, ದ್ವಿಚಕ್ರ ವಾಹನ ದುರಸ್ತಿ, ಮನೆ ವೈರಿಂಗ್‌ನಂತಹವಕ್ಕೆ ಸುಮಾರು ಒಂದು ತಿಂಗಳು. ಇದರಲ್ಲಿ ನನಗೆ ಬಹಳ ಹಿಡಿಸುವುದು ತರಬೇತಿ ಮುಗಿದ ಮೇಲೆ ಎರಡು ವರ್ಷದವರೆಗೆ ಅಭ್ಯರ್ಥಿಯ ಬೆನ್ನಿಗೆ ನಿಲ್ಲಬೇಕೆಂಬ ನಿಯಮ. ಬ್ಯಾಂಕಿನಲ್ಲಿದ್ದಾಗ ಮೇಜಿನ ಆಚೆ ಬದಿಯಿಂದ ಇದರ ಪರಿಣಾಮ ಕಂಡಿದ್ದೇನೆ: ತರಬೇತಿಯ ಪ್ರಮಾಣಪತ್ರ ಹಿಡಿದು ಒಬ್ಬಳೇ ಬಂದ ಹೆಣ್ಣುಮಗಳ ಸಾಲದ ಅರ್ಜಿಗೂ, ಸಂಸ್ಥೆಯವರು ಜೊತೆಗೆ ಕೂತು ಖರ್ಚು ಆದಾಯದ ಲೆಕ್ಕ ಬರೆಸಿದ ಅರ್ಜಿಗೂ ಶಾಖೆಯಲ್ಲಿ ಸಿಗುವ ಗೌರವ ಒಂದೇ ಅಲ್ಲ. ನಮ್ಮ ಕೇಂದ್ರದಲ್ಲಿ ಅನುಸರಣೆ ಎಂದರೆ ಮೂರು ತಿಂಗಳು ತುಂಬಿದಾಗ ಬರುವ ಒಂದು ಫೋನ್ ಕರೆ. “ಇನ್ನೂ ಅಲ್ಲೇ ಇದ್ದೀಯಾ ಅಮ್ಮ?” ಎಂದು ಕೇಳಿ, ಹೌದೆಂದರೆ ಗುರುತು ಹಾಕಿಕೊಳ್ಳುತ್ತಾರೆ. ಇಲ್ಲವೆಂದರೆ ಯಾಕೆಂದು ಕೇಳುವ ವ್ಯವಧಾನ ಇರುವುದಿಲ್ಲ.

ಮೂರು ತಿಂಗಳು ಎಂಬ ಗಡುವು ಬಂದದ್ದೂ ಸುಮ್ಮನೆ ಅಲ್ಲ. 2014ರಲ್ಲಿ ಆರಂಭವಾದ ದೀನ್ ದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆಯಲ್ಲಿ ತರಬೇತಿ ಪಡೆದವರಲ್ಲಿ ಶೇಕಡ 70ರಷ್ಟು ಮಂದಿಯನ್ನಾದರೂ ಕೆಲಸಕ್ಕೆ ಸೇರಿಸಬೇಕು, ಆ ಕೆಲಸದಲ್ಲಿ ಅವರು ಮೂರು ತಿಂಗಳಾದರೂ ಉಳಿದಿರಬೇಕು ಎಂಬ ಷರತ್ತಿತ್ತು. ತರಬೇತಿ ನೀಡುವವರಿಗೆ ಹಣ ಬಿಡುಗಡೆಯಾಗುವುದು ಈ ಲೆಕ್ಕದ ಮೇಲೆ. ಆಮೇಲೆ ದಾನಿಗಳ ಹಣದಲ್ಲಿ ನಡೆಯುವ ಸೇವಾಸಂಸ್ಥೆಗಳೂ ಅದೇ ಅಳತೆಯನ್ನು ರೂಢಿಸಿಕೊಂಡವು. ಹೀಗಾಗಿ ಆ ತೊಂಬತ್ತು ದಿನ ಯುವತಿಯ ಮೇಲಿರುವ ಕಣ್ಣು ತೊಂಬತ್ತೊಂದನೆಯ ದಿನ ಬೇರೆಡೆ ತಿರುಗುತ್ತದೆ. ಆದರೆ ಅದೇ ಯೋಜನೆಯಲ್ಲಿ ಇದ್ದ ಇನ್ನೊಂದು ವಿವೇಕದ ಏರ್ಪಾಡನ್ನು ಯಾರೂ ಅನುಕರಿಸಲಿಲ್ಲ. ಕೆಲಸಕ್ಕೆ ಸೇರಿದ ಮೇಲೆ ಅಭ್ಯರ್ಥಿಗೆ ತಿಂಗಳಿಗೆ ಸಾವಿರ ರೂಪಾಯಿ ಕೈಖರ್ಚು ಕೊಡುತ್ತಿದ್ದರು. ತನ್ನ ಜಿಲ್ಲೆಯೊಳಗೇ ಕೆಲಸವಾದರೆ ಎರಡು ತಿಂಗಳು, ರಾಜ್ಯದೊಳಗಾದರೆ ಮೂರು ತಿಂಗಳು, ಹೊರರಾಜ್ಯವಾದರೆ ಆರು ತಿಂಗಳು. ಮೊತ್ತ ಚಿಕ್ಕದು. ಆದರೂ ಆ ಯೋಚನೆ ಮಾಡಿದವರಿಗೆ ಬಡವರ ಮನೆಯ ತಿಂಗಳಿನ ಮೊದಲ ವಾರ ಹೇಗಿರುತ್ತದೆಂದು ಗೊತ್ತಿತ್ತು.

ಇದು ಈ ಬರಹದ ಮುಖ್ಯ ವಿಷಯವಾದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ದಿನಗೂಲಿ ಅಥವಾ ವಾರದ ಬಟವಾಡೆಯಿಂದ ಬದುಕುವ ಮನೆಯೊಂದು ತಿಂಗಳ ಸಂಬಳಕ್ಕೆ ಬದಲಾಗುವಾಗ ನಡುವೆ ಒಂದು ಕಂದರ ಇರುತ್ತದೆ. ಜೂನ್ ಮೊದಲ ವಾರದಲ್ಲಿ ಕೆಲಸಕ್ಕೆ ಸೇರಿದವಳಿಗೆ ಜೂನ್ ತಿಂಗಳ ಸಂಬಳ ಕೈಗೆ ಬರುವುದು ಜುಲೈ ಏಳಕ್ಕೆ ಅಥವಾ ಹತ್ತಕ್ಕೆ. ಸಣ್ಣ ಕಾರ್ಖಾನೆಯಾದರೆ ಏಳನೆಯ ದಿನದೊಳಗೆ, ಸಾವಿರ ಅಥವಾ ಹೆಚ್ಚು ಕಾರ್ಮಿಕರಿದ್ದರೆ ಹತ್ತನೆಯ ದಿನದೊಳಗೆ ಕೊಡಬೇಕೆಂಬುದು 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1936ರ ವೇತನ ಪಾವತಿ ಕಾಯ್ದೆಯ ನಿಯಮವಾಗಿತ್ತು. ಅಲ್ಲಿಗೆ ಮೂವತ್ತೈದು, ನಲವತ್ತು ದಿನ ಬರಿಗೈ. ಅಷ್ಟರಲ್ಲಿ ಬಸ್ ಖರ್ಚು, ಕಾಲಿಗೆ ಶೂ, ಡಬ್ಬಿಗೆ ಊಟ, ಫೋನಿನ ರೀಚಾರ್ಜ್ ಎಲ್ಲವೂ ಮುಂಗಡವಾಗಿ ಬೇಕು. ಮೇಲೆ ಸ್ವಸಹಾಯ ಸಂಘದ ಸಾಲದ ಕಂತು. ವಾರಕ್ಕೊಮ್ಮೆ ಕಟ್ಟಬೇಕಾದ ಕಂತು ತಿಂಗಳ ಸಂಬಳಕ್ಕೆ ಕಾಯುವುದಿಲ್ಲ. ನಾನು ಕಂಡ ಕುಟುಂಬ ಈ ಕಂದರ ದಾಟಲು ಒಂದು ಮೈಕ್ರೋ ಫೈನಾನ್ಸ್ ಕಂಪನಿಯಿಂದ ಮತ್ತೊಂದು ಸಾಲ ತೆಗೆಯಿತು. ಕೆಲಸ ಸಿಕ್ಕಿದ ಸಂತೋಷಕ್ಕೆ ತೆಗೆದ ಆ ಸಾಲದ ಕಂತು, ಕೆಲಸ ಬಿಟ್ಟ ಮೇಲೂ ಮುಂದುವರಿಯಿತು. ಸಾಲ ವಸೂಲಿಗಾರರ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತರಬೇಕಾಗಿ ಬಂತೆಂದರೆ ಹಳ್ಳಿ ಪೇಟೆಗಳ ಮನೆಗಳ ಮೇಲೆ ಇಂತಹ ಸಾಲಗಳ ಭಾರ ಎಷ್ಟಿತ್ತೆಂದು ಊಹಿಸಬಹುದು.

ನೆರವು ಕೇಂದ್ರವೊಂದು ಇಲ್ಲಿ ಮಾಡಬಹುದಾದದ್ದು ದೊಡ್ಡದೇನಲ್ಲ. ಮೊದಲ ಸಂಬಳದವರೆಗೆ ಬಸ್ಸಿನ ಪಾಸು ಕೊಡಿಸಿ, ಎರಡು ಸಂಬಳಗಳಲ್ಲಿ ಅದನ್ನು ಬಡ್ಡಿಯಿಲ್ಲದೆ ಮುರಿದುಕೊಂಡರೆ ಸಾಕು. ತರಬೇತಿಗೆ ಒಬ್ಬರ ತಲೆಗೆ ಖರ್ಚು ಮಾಡುವ ಹಣದ ಮುಂದೆ ಇದು ಚಿಲ್ಲರೆ. ನಾನು ಈ ಮಾತನ್ನು ಕೇಂದ್ರದ ಮುಖ್ಯಸ್ಥರ ಬಳಿ ಎತ್ತಿದಾಗ ಅವರು ತಾಳ್ಮೆಯಿಂದ ಕೇಳಿಸಿಕೊಂಡರು. “ದಾನಿಗಳು ತರಬೇತಿಗೆ ಕೊಡುತ್ತಾರೆ ಸರ್, ಬಸ್ಸಿಗೆ ಕೊಡುವುದಿಲ್ಲ” ಎಂದರು. ಸುಳ್ಳಲ್ಲ. ಆದರೆ ದಾನಿಗಳಿಗೆ ಈ ಲೆಕ್ಕವನ್ನು ಒಮ್ಮೆಯಾದರೂ ಬರೆದು ಕಳುಹಿಸಿದ್ದೀರಾ ಎಂದರೆ ಉತ್ತರವಿರಲಿಲ್ಲ.

ಬಸ್ಸಿನ ಮಾತು ಬಂದದ್ದರಿಂದ ಹೇಳುವುದಾದರೆ, ಮಲೆನಾಡಿನಲ್ಲಿ ಉದ್ಯೋಗದ ಪ್ರಶ್ನೆಯ ಅರ್ಧ ಭಾಗ ಬಸ್ಸಿನದೇ. 2023ರ ಜೂನ್ 11ರಿಂದ ಜಾರಿಯಾದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಉಚಿತ ಪ್ರಯಾಣ ಇರುವುದು ಸರ್ಕಾರಿ ಸಾರಿಗೆಯ ಬಸ್ಸುಗಳಲ್ಲಿ. ತೀರ್ಥಹಳ್ಳಿ, ಹೊಸನಗರ, ಸಾಗರದ ಒಳದಾರಿಗಳಲ್ಲಿ ಓಡುವವು ಬಹುತೇಕ ಖಾಸಗಿ ಬಸ್ಸುಗಳು. ಶಿವಮೊಗ್ಗ ನಗರದೊಳಗೂ ಸಿಟಿ ಬಸ್ಸುಗಳಲ್ಲಿ ಹೆಚ್ಚಿನವು ಖಾಸಗಿಯವೇ. ಕಾರ್ಮಿಕರೇ ಸೇರಿ ಕಟ್ಟಿಕೊಂಡಿದ್ದ ಕೊಪ್ಪದ ಸಹಕಾರ ಸಾರಿಗೆ 2020ರಲ್ಲಿ ನಿಂತುಹೋದ ಮೇಲೆ ಆ ಭಾಗದ ಹಳ್ಳಿಗಳಿಗೆ ಆದ ನಷ್ಟವನ್ನು ಇಂದಿಗೂ ಜನ ಹೇಳಿಕೊಳ್ಳುತ್ತಾರೆ. ಹೀಗಿರುವಾಗ ಬೆಳಗಿನ ಪಾಳಿಗೆ ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶ ಮುಟ್ಟಬೇಕಾದವಳಿಗೆ ಕಾರ್ಖಾನೆಯ ಬಸ್ಸು ಯಾವ ವೃತ್ತದವರೆಗೆ ಬರುತ್ತದೆ, ಅಲ್ಲಿಂದ ಮನೆಗೆ ಎಷ್ಟು ದೂರ, ಆಷಾಢದ ಮಳೆಯಲ್ಲಿ ಸಂಜೆ ಏಳಕ್ಕೆ ಇಳಿದರೆ ದಾರಿಯಲ್ಲಿ ದೀಪ ಇದೆಯೇ ಎಂಬುದು ಸಂಬಳದಷ್ಟೇ ಮುಖ್ಯ. ಈ ಕೇಂದ್ರ ಕೆಲಸದ ವಿವರ ಹೇಳುವಾಗ ಸಂಬಳ, ಪಿಎಫ್, ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ), ಓಟಿ ಎಲ್ಲವನ್ನೂ ಬಿಡಿಸಿ ಹೇಳುತ್ತದೆ. ಇಎಸ್‌ಐಗೆ ಕಾರ್ಮಿಕರ ಪಾಲು ಸಂಬಳದ ಶೇಕಡ 0.75 ಮಾತ್ರ ಎಂದು, ಅದರಿಂದ ಕಾರ್ಮಿಕರನ್ನು ನಂಬಿಕೊಂಡ ಹತ್ತಿರದ ಮನೆಯವರಿಗೂ ಚಿಕಿತ್ಸೆ ಸಿಗುತ್ತದೆಂದು ಅವರು ವಿವರಿಸಿದ ರೀತಿ ಚೆನ್ನಾಗಿತ್ತು. ಬಸ್ಸಿನ ವಿವರ ಮಾತ್ರ ಸೇರಿದ ಮೇಲೆ ಗೊತ್ತಾಗುತ್ತದೆ.

ಕಾಲಪಟ್ಟಿಯ ವಿಷಯದಲ್ಲಿ ಕೇಂದ್ರದ ಮೇಲೆ ನನಗೆ ಸ್ವಲ್ಪ ಸಿಟ್ಟೇ ಇದೆ. ಅವರ ದೊಡ್ಡ ತಂಡ ಆರಂಭವಾಗುವುದು ಡಿಸೆಂಬರ್‌ನಲ್ಲಿ, ಯಾಕೆಂದರೆ ಮಾರ್ಚ್ ಕೊನೆಯೊಳಗೆ ಲೆಕ್ಕ ಒಪ್ಪಿಸಬೇಕು. ನವೆಂಬರ್‌ನಿಂದ ಫೆಬ್ರುವರಿಯವರೆಗೆ ಮಲೆನಾಡಿನಲ್ಲಿ ಅಡಿಕೆ ಕೊಯ್ಲು. ಕೊನೆಗಾರರು ಮರ ಹತ್ತುತ್ತಾರೆ, ಹಗ್ಗದಲ್ಲಿ ಕೊನೆ (ಅಡಿಕೆ ಗೊಂಚಲು) ಇಳಿಸುತ್ತಾರೆ, ಹೆಂಗಸರು ರಾತ್ರಿಯವರೆಗೆ ಕೂತು ಅಡಿಕೆ ಸುಲಿಯುತ್ತಾರೆ, ಬೇಯಿಸುವ ಒಲೆ ಆರುವುದಿಲ್ಲ. ಸುಲಿಯುವ ಯಂತ್ರಗಳು ಬಂದು ಈ ಕೂಲಿ ತಗ್ಗಿದ್ದರೂ, ವರ್ಷದಲ್ಲಿ ಕೈಗೆ ನಾಲ್ಕು ಕಾಸು ಕೂಡಿಬರುವ ಕಾಲ ಇಂದಿಗೂ ಇದೇ. ಆ ಕಾಲದಲ್ಲಿ ತರಗತಿಗೆ ಬಾರದವರನ್ನು ‘ಆಸಕ್ತಿ ಇಲ್ಲದವರು’ ಎಂದು ಪಟ್ಟಿಯಿಂದ ತೆಗೆದುಹಾಕಿದ್ದನ್ನು ನಾನೇ ನೋಡಿದೆ. ಅಡಿಕೆ ಸೀಮೆಯಲ್ಲಿ ಡಿಸೆಂಬರ್‌ನಲ್ಲಿ ಪಾಠ ಇಟ್ಟು ಬರಲಿಲ್ಲವೆಂದು ದೂರುವುದು ಸುಗ್ಗಿಯ ದಿನ ರೈತನನ್ನು ನೆಂಟರ ಮನೆಗೆ ಕರೆದಂತೆ. ಫೆಬ್ರುವರಿ ಕೊನೆಯಿಂದ ಮೇ ವರೆಗೆ ಅದೇ ಜನ ಕೆಲಸ ಹುಡುಕುತ್ತ ಇರುತ್ತಾರೆ. ಆಗ ಕೇಂದ್ರದಲ್ಲಿ ಹೊಸ ತಂಡಕ್ಕೆ ಅನುದಾನ ಬಂದಿರುವುದಿಲ್ಲ.

ಇದೇ ಅಡಿಕೆಗೆ ಸಂಬಂಧಿಸಿದ ಇನ್ನೊಂದು ಸಂಗತಿ. ಮರ ಹತ್ತುವವರ ಕೊರತೆ ಎಷ್ಟಿದೆಯೆಂದರೆ ಒಳ್ಳೆಯ ಕೊನೆಗಾರನಿಗೆ ತೋಟದ ಯಜಮಾನರೇ ವಾಹನ ಕಳುಹಿಸಿ ಕರೆಸಿಕೊಳ್ಳುತ್ತಾರೆ. ಈಗ ಕಾರ್ಬನ್ ಫೈಬರ್ ದೋಟಿ, ಅಂದರೆ ತುದಿಗೆ ಕತ್ತಿ ಕಟ್ಟುವ ಉದ್ದನೆಯ ಕೋಲು, ಬಂದಿದೆ. ನೆಲದ ಮೇಲೆ ನಿಂತೇ ಕೊನೆ ಕೊಯ್ಯಬಹುದು, ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಬಹುದು. ಆದರೆ ಅದರ ತೂಕ, ಓಲಾಟ ಹಿಡಿತಕ್ಕೆ ಸಿಗಲು ಅಭ್ಯಾಸ ಬೇಕು, ಕೊಳ್ಳಲು ಬಂಡವಾಳ ಬೇಕು. ಐಟಿಐ ಬಿಟ್ಟು ಕೂತ ಆ ಮನೆಯ ಮಗನಂತಹವರಿಗೆ ಇದು ಊರು ಬಿಡದೆ ಮಾಡಬಹುದಾದ, ಒಳ್ಳೆಯ ಕೂಲಿಯ ವೃತ್ತಿ. ಅವನೇ ಒಮ್ಮೆ ಕೇಂದ್ರದಲ್ಲಿ ಕೇಳಿದ: “ಮೇಡಂ, ದೋಟಿ ಕೆಲಸ ಕಲಿಸೋದಿದ್ರೆ ನಾನು ನಾಳೆಯಿಂದ್ಲೇ ಬರ್ತೀನಿ.” ನೇಮಕಾತಿ ಪತ್ರ ಇಲ್ಲದ ಕೆಲಸವನ್ನು ಅವರ ದಾಖಲೆ ಕೆಲಸವೆಂದು ಒಪ್ಪುವುದಿಲ್ಲವಾದ್ದರಿಂದ ಅವನಿಗೆ ಬೆಂಗಳೂರಿನ ಒಂದು ಗೋದಾಮಿನಲ್ಲಿ ಪ್ಯಾಕಿಂಗ್ ಕೆಲಸ ತೋರಿಸಿದರು. ಹೋದ, ಬಾಡಿಗೆ ಕೊಟ್ಟು ಉಳಿಯುವುದೇನೂ ಇಲ್ಲವೆಂದು ಹಿಂತಿರುಗಿದ. ಭದ್ರಾವತಿಯಲ್ಲಿ ಕಾಗದದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿದ ಮೇಲೆ, ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರಲ್ಲಿ ಹೊರಬಿದ್ದು ಗುತ್ತಿಗೆ ಕಾರ್ಮಿಕರು ಬೀದಿಗಿಳಿದ ಮೇಲೆ, ಈ ಜಿಲ್ಲೆಯ ಹುಡುಗರು ಬೆಂಗಳೂರಿನ ಬಸ್ಸು ಹತ್ತುವುದು ರೂಢಿಯಾಗಿದೆ. ನೆರವು ಕೇಂದ್ರಗಳೂ ಅದೇ ಬಸ್ಸಿಗೆ ಟಿಕೇಟು ಕೊಡಿಸುವುದಾದರೆ ಅವುಗಳ ಅಗತ್ಯವೇನು ಎಂಬ ಪ್ರಶ್ನೆಗೆ ಉತ್ತರ ಸಿಗಬೇಕು.

ಕೆಲಸವನ್ನೇ ಹಳ್ಳಿಗೆ ತಂದ ಪ್ರಯತ್ನ ನಮ್ಮಲ್ಲಿ ನಡೆದೇ ಇಲ್ಲವೆಂದಲ್ಲ. ರಂಗನಿರ್ದೇಶಕ ಪ್ರಸನ್ನ ಅವರ ಮುಂದಾಳತ್ವದಲ್ಲಿ ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿಯ ಭೀಮನಕೋಣೆಯಲ್ಲಿ ಬೆಳೆದ ಚರಕ ಮಹಿಳಾ ಸಹಕಾರ ಸಂಘ ಸುತ್ತಲಿನ ಹಳ್ಳಿಗಳ ಹೆಂಗಸರಿಗೆ ಕೈಮಗ್ಗ, ನೈಸರ್ಗಿಕ ಬಣ್ಣ, ಹೊಲಿಗೆಯ ಕೆಲಸವನ್ನು ನಡೆದು ಹೋಗುವಷ್ಟು ದೂರದಲ್ಲಿ ಕೊಟ್ಟಿತು. ಅದೂ ಮಾರುಕಟ್ಟೆಯ ಸಂಕಟಕ್ಕೆ ಸಿಕ್ಕಿಕೊಂಡದ್ದುಂಟು. ತರಬೇತಿಗಿಂತ ಮಾರಾಟ ಕಷ್ಟ, ಮಾರಾಟಕ್ಕಿಂತ ಎಲ್ಲರಿಗೂ ತಿಂಗಳು ತಿಂಗಳು ಸಂಬಳ ಹೊಂದಿಸುವುದು ಕಷ್ಟ. ಆದರೂ ಆ ಸಂಘದ ಕೆಲಸದ ವೇಳೆಯನ್ನು ಹೆಂಗಸರ ಮನೆಯ ವೇಳೆ ನೋಡಿ ಇಡಲು ಸಾಧ್ಯವಾಗಿತ್ತು ಎಂಬ ಅಂಶವನ್ನು ನಗರದ ಕೇಂದ್ರಗಳು ಗಮನಿಸಬೇಕು.

ಮತ್ತೆ ಆ ಮನೆಗೆ ಬರೋಣ. ಮಗಳಿಗೆ ಗಾರ್ಮೆಂಟ್ಸ್‌ನಲ್ಲಿ ಕೆಲಸ ಸಿಕ್ಕಿತು. ಮೊದಲು ಹೆಲ್ಪರ್, ಆಮೇಲೆ ಮಷಿನ್ ಮೇಲೆ ಕೂರಿಸುತ್ತೇವೆಂದರು. ಕೇಂದ್ರ ತನ್ನ ಮಾತು ಉಳಿಸಿಕೊಂಡಿತು, ಇದನ್ನು ಒಪ್ಪಲೇಬೇಕು. ಆದರೆ ಅಷ್ಟು ದಿನ ಅಜ್ಜಿಯನ್ನು ನೋಡಿಕೊಳ್ಳುತ್ತಿದ್ದವಳು ಅವಳೇ. ಅವಳು ಬೆಳಿಗ್ಗೆ ಹೊರಟು ಸಂಜೆ ಬರುವಂತಾದಾಗ ತಾಯಿ ತಾವು ಕೆಲಸ ಮಾಡುತ್ತಿದ್ದ ಮನೆಗಳಲ್ಲಿ ಒಂದನ್ನು ಬಿಡಬೇಕಾಯಿತು, ಮತ್ತೊಂದು ಮನೆಗೆ ಹೊತ್ತು ಮೀರಿ ಹೋಗಿ ಮಾತು ಕೇಳಬೇಕಾಯಿತು. ಮನೆಗೆ ಹೆಚ್ಚಾಗಿ ಬಂದ ಹಣ ಸಂಬಳದ ಚೀಟಿಯಲ್ಲಿ ಕಾಣುವುದಕ್ಕಿಂತ ಬಹಳ ಕಡಿಮೆ. ಕೈಗೂಸಿನ ತಾಯಂದಿರ ಸ್ಥಿತಿ ಇನ್ನೂ ಇಕ್ಕಟ್ಟು. ಮೂವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಾರ್ಖಾನೆಯಲ್ಲಿ ಶಿಶುಪಾಲನೆಯ ಕೋಣೆ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. 2023-24ರ ರಾಜ್ಯ ಬಜೆಟ್‌ನಲ್ಲಿ ಘೋಷಣೆಯಾದ ‘ಕೂಸಿನ ಮನೆ’ ಗ್ರಾಮ ಪಂಚಾಯತಿಗಳಲ್ಲಿ ಪುಟ್ಟ ಮಕ್ಕಳನ್ನು ಹಗಲು ನೋಡಿಕೊಳ್ಳುವ ಏರ್ಪಾಡು. ಇವೆರಡರಲ್ಲಿ ಯಾವುದು ಯಾರಿಗೆ ಅನುಕೂಲವೆಂದು ಹೇಳುವ ಕೆಲಸವನ್ನು ಸಲಹೆಗಾರ್ತಿ ಮಾಡಬಹುದಿತ್ತು. ಅವರ ಅರ್ಜಿಯಲ್ಲಿ “ಮನೆಯಲ್ಲಿ ನಿಮ್ಮನ್ನು ನಂಬಿಕೊಂಡವರು ಯಾರು? ನೀವು ಹೊರಟರೆ ಅವರನ್ನು ಯಾರು ನೋಡುತ್ತಾರೆ?” ಎಂಬ ಒಂದು ಸಾಲು ಸೇರಿದರೆ ಸಾಕಿತ್ತು.

ಇನ್ನೊಂದು ಭಯ ಪಡಿತರ ಚೀಟಿಯದು. ಸೇರುವ ಹಿಂದಿನ ದಿನ ತಾಯಿ ಕೇಳಿದ್ದು ಸಂಬಳವನ್ನಲ್ಲ. “ಅಕ್ಕ, ಇವಳಿಗೆ ಪಿಎಫ್ ಹಿಡಿದ್ರೆ ನಮ್ಮ ಬಿಪಿಎಲ್ ಕಾರ್ಡು ಹೋಗುತ್ತಾ?” ಎಂದು ಕೇಳಿದರು. “ಅದು ಆಹಾರ ಇಲಾಖೆಯ ವಿಷಯ, ನಮಗೆ ಸಂಬಂಧವಿಲ್ಲ” ಎಂದು ಸಲಹೆಗಾರ್ತಿ ಮಾತು ಮುಗಿಸಿದರು. ಸಂಬಂಧ ಇದೆ. ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡಿಗೆ ಕುಟುಂಬದ ವಾರ್ಷಿಕ ಆದಾಯದ ಮಿತಿ 1.20 ಲಕ್ಷ ರೂಪಾಯಿ, ಅಂದರೆ ತಿಂಗಳಿಗೆ ಹತ್ತು ಸಾವಿರ. ಕಾರ್ಖಾನೆಯ ಒಂದೇ ಒಂದು ಸಂಬಳ ಈ ಗೆರೆಯನ್ನು ದಾಟಬಲ್ಲದು. ಕಾರ್ಡು ಹೋದರೆ ಅಕ್ಕಿ ಮಾತ್ರ ಹೋಗುವುದಿಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ಇರುವ ವರ್ಷಕ್ಕೆ 5 ಲಕ್ಷದವರೆಗಿನ ಉಚಿತ ಚಿಕಿತ್ಸೆಯೂ ಕಡಿತವಾಗುತ್ತದೆ. 2024ರ ನವೆಂಬರ್‌ನಲ್ಲಿ ಕಾರ್ಡು ರದ್ದತಿಯ ಗಲಾಟೆ ಎದ್ದು, ಸರ್ಕಾರ ಹಿಂದೆ ಸರಿದು ಬಹಳಷ್ಟು ಕಾರ್ಡುಗಳನ್ನು ಮರಳಿಸಬೇಕಾಯಿತು. ಆ ತಿಂಗಳ ಆತಂಕವನ್ನು ಬಡಾವಣೆಗಳ ಹೆಂಗಸರು ಮರೆತಿಲ್ಲ. ಇಎಸ್‌ಐನಿಂದ ಚಿಕಿತ್ಸೆ ಹೇಗೆ ಸಿಗುತ್ತದೆ, ಅದು ಅಜ್ಜಿಗೂ ಅನ್ವಯಿಸುತ್ತದೆಯೇ, ಕಾರ್ಡಿನ ನಷ್ಟವನ್ನು ಸಂಬಳ ತುಂಬಿಕೊಡುತ್ತದೆಯೇ ಎಂಬ ಲೆಕ್ಕವನ್ನು ಪ್ರಾಮಾಣಿಕವಾಗಿ ಮಾಡಿ ತೋರಿಸಿದರೆ ಆ ಮನೆ ಧೈರ್ಯವಾಗಿ ತೀರ್ಮಾನಿಸುತ್ತಿತ್ತು. ಉತ್ತರ ಸಿಗದವರು ಪಿಎಫ್ ಇಲ್ಲದ, ರಸೀದಿ ಇಲ್ಲದ ಕೆಲಸವನ್ನೇ ಹುಡುಕಿಕೊಂಡು ಹೋಗುತ್ತಾರೆ.

ಯುವನಿಧಿಯ ಬಗ್ಗೆಯೂ ಜನ ಈ ಕೇಂದ್ರದಲ್ಲಿ ಕೇಳುತ್ತಾರೆ, ಏಕೆಂದರೆ ಆ ಯೋಜನೆಗೆ ಚಾಲನೆ ಸಿಕ್ಕಿದ್ದೇ ಇಲ್ಲಿ, 2024ರ ಜನವರಿ 12ರಂದು, ಶಿವಮೊಗ್ಗದ ಫ್ರೀಡಂ ಪಾರ್ಕ್‌ನಲ್ಲಿ. ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ, ಗರಿಷ್ಠ ಎರಡು ವರ್ಷ. ಪಿಯುಸಿಗೆ ನಿಂತವಳಿಗೂ ಐಟಿಐ ಬಿಟ್ಟವನಿಗೂ ಅದರಲ್ಲಿ ಏನೂ ಇಲ್ಲ. ಬಡತನದಿಂದಲೇ ಓದು ನಿಲ್ಲಿಸಿದವರು ಅದರ ಅಂಗಳಕ್ಕೂ ಬರಲಾರರು. ಕೇಂದ್ರದವರು ಇದನ್ನು ಮೊದಲೇ ನೇರವಾಗಿ ಹೇಳಿ, ಅವರ ಓಡಾಟ ಉಳಿಸುತ್ತಾರೆ. ಒಳ್ಳೆಯ ಗುಣ.

ಸ್ವಂತ ಉದ್ಯೋಗಕ್ಕೆ ಹೊರಡುವವರ ಪಾಡು ಇದಕ್ಕಿಂತ ಬೇರೆ. ಹೊಲಿಗೆ ಕಲಿತವರು, ಅಡಿಕೆ ಹಾಳೆಯ ತಟ್ಟೆ ಮಾಡುವ ಯಂತ್ರ ಕೊಳ್ಳಬೇಕೆನ್ನುವವರು ಬ್ಯಾಂಕಿಗೆ ಹೋದಾಗ ಮೊದಲು ಎದುರಾಗುವ ಮಾತು ಆಧಾರದ್ದು, ಅಂದರೆ ಸಾಲಕ್ಕೆ ಅಡವಿಡುವ ಆಸ್ತಿಯದ್ದು. ಸಾಗರ, ಹೊಸನಗರದ ಕಡೆ 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನಿಂದ ಎದ್ದುಬಂದ ಕುಟುಂಬಗಳಲ್ಲಿ ಎಷ್ಟೋ ಮಂದಿ, ಮೊಮ್ಮಕ್ಕಳ ಕಾಲ ಬಂದರೂ, ಉಳುವ ನೆಲದ ಹಕ್ಕುಪತ್ರಕ್ಕಾಗಿ ಅಲೆಯುತ್ತಿದ್ದಾರೆ. ಪಹಣಿ ಇಲ್ಲದವರಿಗೆ ಸಾಲವಿಲ್ಲ ಎಂದು ಕೆಲವು ಶಾಖೆಗಳಲ್ಲಿ ಬಾಯಿಮಾತಿನಲ್ಲೇ ಹೇಳಿ ಕಳುಹಿಸುತ್ತಾರೆ. ಸಣ್ಣ ಉದ್ದಿಮೆಗಳ 10 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಆಧಾರ ಕೇಳಬಾರದೆಂದು ರಿಸರ್ವ್ ಬ್ಯಾಂಕ್ 2010ರಿಂದಲೇ ಹೇಳುತ್ತ ಬಂದಿದೆ. ಮುದ್ರಾ ಯೋಜನೆಯ ಶಿಶು ವರ್ಗದಲ್ಲಿ 50,000 ರೂಪಾಯಿವರೆಗೆ ಸಿಗುವ ಸಾಲವೂ ಆಧಾರವಿಲ್ಲದ್ದೇ. ಈ ಎರಡು ಸಂಗತಿಗಳನ್ನು ತರಬೇತಿಯ ಮೊದಲ ದಿನ ಹೇಳಬೇಕು. ನಮ್ಮ ಕೇಂದ್ರದಲ್ಲಿ ಇವನ್ನು ಯಾರೂ ಹೇಳಲಿಲ್ಲ.

ಹೋಗಬೇಕೆನ್ನುವವರಿಗೆ ನನ್ನ ಸಲಹೆ ಹೀಗೆ. ಕೂಲಿ ಅಥವಾ ಸಂಬಳದ ಕೆಲಸ ಬೇಕಾದ, ಕಾಗದಪತ್ರದಲ್ಲಿ ತೊಡಕಿರುವ ಯುವಕ ಯುವತಿಯರು ಇಂತಹ ನಗರದ ಕೇಂದ್ರಕ್ಕೆ ಹೋಗಬಹುದು. ಆದರೆ ನೋಂದಣಿಯ ದಿನ ಮನೆಯ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ, ಬಸ್ಸು ಎಲ್ಲಿಯವರೆಗೆ, ಮೊದಲ ಸಂಬಳ ಯಾವ ತಾರೀಖಿಗೆ, ಹೆಲ್ಪರ್‌ನಿಂದ ಟೈಲರ್ ಆಗಲು ಎಷ್ಟು ತಿಂಗಳು ಎಂದು ಅವರ ಎದುರಿಗೇ ಕೇಳಿ ಬರೆದುಕೊಳ್ಳಬೇಕು. ಸ್ವಂತ ಕೈಯ ಉದ್ಯೋಗ ಬೇಕಾದ ಹಳ್ಳಿಯವರಿಗೆ ಬ್ಯಾಂಕು ನಡೆಸುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಯೇ ಮೇಲು; ಅಡಿಕೆ ಕೆಲಸ ಮುಗಿದ ಮೇಲಿನ ತಂಡಕ್ಕೆ ಹೆಸರು ಕೊಡುವುದು ಒಳ್ಳೆಯದು. ಅಲ್ಲಿ ಕಲಿತ ಮೇಲೆ ಸಾಲದ ಅರ್ಜಿಯನ್ನು ಶಾಖೆಗೆ ಕೊಡುವಾಗ ಸ್ವೀಕೃತಿ ಪಡೆಯಬೇಕು, ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಬೇಕು, ಆ ಕಾಗದವನ್ನು ತಂದು ಸಂಸ್ಥೆಯ ನಿರ್ದೇಶಕರ ಮೇಜಿನ ಮೇಲೆ ಇಡಬೇಕು. ಎರಡು ವರ್ಷದ ಅನುಸರಣೆ ಎಂದು ಅವರ ನಿಯಮದಲ್ಲಿ ಬರೆದಿರುವುದರಲ್ಲಿ ಈ ಓಡಾಟವೂ ಸೇರಿದೆ.